ಹಿಮ ನೋಡಲು ತಿಂಗಳು ಹುಡುಕಿದ್ದು

ಹಿಮ ನೋಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯ ತಮಿಳಿನಾಕೆ ಗಂಡನ ಎಲ್‌ಟಿಸಿ ರಜೆಯಲ್ಲಿ ಉತ್ತರದ ಕಡೆ ಹೋಗಿಬಂದಳು. ಬರುವಾಗ ಒಂದು ಫೋಟೋ ತಂದಳು. ಬಾಡಿಗೆಗೆ ತೊಟ್ಟ ಕರಿ ತುಪ್ಪಳದ ಕೋಟು, ಮೊಣಕಾಲವರೆಗೆ ಬೂಟು, ಬೊಗಸೆ ತುಂಬ ಹಿಮ, ಮುಖದ ತುಂಬ ಹಲ್ಲು. ಅದಕ್ಕೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದರೂ ಅದೇ ಕಣ್ಣಿಗೆ ಬೀಳುತ್ತಿತ್ತು.

ನಮ್ಮ ಯಜಮಾನರಿಗೂ ಎಲ್‌ಟಿಸಿ ಇತ್ತು. ಅವರು ಇಡೀ ದಿನ ಕುಲುಮೆಯ ಹತ್ತಿರ ನಿಂತು ಬೆಂದು ಬರುವವರು, ತಣ್ಣಗಿನ ಕಡೆ ಹೋಗೋಣ ಅಂದರೆ ಒಪ್ಪಿಯಾರು ಅಂದುಕೊಂಡಿದ್ದೆ. ಒಪ್ಪಲಿಲ್ಲ. ರಜೆ ಸಿಕ್ಕಾಗಲೆಲ್ಲ ತಿರುಪತಿ, ರಾಮೇಶ್ವರ, ಕಾಶಿ. ಹಿಮದಲ್ಲಿ ಯಾವ ದೇವಸ್ಥಾನ ಇದೆ ಎಂದು ಕೇಳಿದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಬದರಿ, ಕೇದಾರ ಹಿಮದಲ್ಲಿವೆ ಎಂದು ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಹಳ ದಿನ ಮೈ ಉರಿಯಿತು. ಆದರೆ ಅಷ್ಟು ಹೊತ್ತಿಗೆ ಅವರು ರಿಟೈರಾಗಿ, ನಾವು ಓಲ್ಡ್ ಟೌನಿನ ಮನೆಗೆ ಬಂದು, ಅವರು ತೀರಿಯೂ ಹೋಗಿದ್ದರು.

ಆಮೇಲೆ ಹದಿಮೂರು ವರ್ಷ ಕಳೆಯಿತು. ನನಗೆ ಅರವತ್ತೊಂಬತ್ತು ತುಂಬಿತು. ಎಡ ಮಂಡಿ ಮೆಟ್ಟಿಲು ಇಳಿಯುವಾಗ ಸದ್ದು ಮಾಡತೊಡಗಿತು. ಇನ್ನು ಹೆಚ್ಚೆಂದರೆ ಒಂದೆರಡು ವರ್ಷ ನಡೆದಾಡಬಹುದು, ಅಷ್ಟರಲ್ಲಿ ನೋಡಿದರೆ ನೋಡಿದೆ, ಇಲ್ಲದಿದ್ದರೆ ಇಲ್ಲ ಎಂದು ಅನ್ನಿಸಿ ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿಯೇಬಿಟ್ಟೆ.

ಶಿವಮೊಗ್ಗದ ಗೋಪಾಳದಲ್ಲಿ ನನ್ನ ಮಗಳ ಮನೆ. ಅವಳು ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಸಂಕ್ರಾಂತಿಯ ಎಳ್ಳು ಕೊಡಲು ನಾನು, ಮಗ, ಸೊಸೆ ಅಲ್ಲಿಗೆ ಹೋಗಿದ್ದೆವು. ನಾನು ಹೇಳಿದ್ದನ್ನು ಕೇಳಿ ಮಗಳು ಕೈ ತೊಳೆದವಳೇ ಫೋನು ಹಿಡಿದು ಕುಳಿತಳು. ಮನಾಲಿ ಎಂದು ಅವಳೇ ಆರಿಸಿದಳು. ಆ ಊರಿಗೆ ವರ್ಷದಲ್ಲಿ ಯಾವಾಗ ಬೇಕಾದರೂ ಹೋಗಬಹುದಂತೆ. ಒಂದೊಂದು ತಿಂಗಳೂ ಅಲ್ಲಿ ಒಂದೊಂದು ನಡೆಯುತ್ತದೆ ಎಂದು ಗಟ್ಟಿಯಾಗಿ ಓದಿದಳು. ಚಳಿಗಾಲದಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾರೆ. ಏಪ್ರಿಲಿನಲ್ಲಿ ಸೇಬಿನ ಗಿಡ ಹೂ ಬಿಡುತ್ತದೆ. ಮೇ, ಜೂನಿನಲ್ಲಿ ಎತ್ತರದ ಕಣಿವೆ ತೆರೆಯುತ್ತದೆ, ಹೊಳೆಯಲ್ಲಿ ರಬ್ಬರಿನ ದೋಣಿ ಬಿಡುತ್ತಾರೆ. ಮಳೆಗಾಲದಲ್ಲಿ ಗುಡ್ಡ ಜಾರುತ್ತದೆ, ಅದು ಬೇಡ. ಆಮೇಲೆ ಸೇಬು ಕೀಳುವ ಕಾಲ. ಮತ್ತೆ ಹಿಮ.

ಅವಳು ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿಗೆ ಹನ್ನೆರಡು ತಿಂಗಳು ಬರೆದಳು. ಯಾರಿಗೆ ಯಾವ ತಿಂಗಳು ಆಗುವುದಿಲ್ಲವೋ ಅದನ್ನು ಹೊಡೆದು ಹಾಕುವುದು ಎಂದು ತೀರ್ಮಾನವಾಯಿತು. ಮಗನದು ಓಲ್ಡ್ ಟೌನಿನಲ್ಲಿ ಝೆರಾಕ್ಸ್ ಅಂಗಡಿ. ಪರೀಕ್ಷೆ, ಅಡ್ಮಿಷನ್ನು ಎಂದು ಅವನು ಮಾರ್ಚಿನಿಂದ ಜುಲೈವರೆಗೆ ಹೊಡೆದ. ಸೊಸೆ ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾಳೆ, ಬಿಸಿಲಿದ್ದಾಗಲೇ ಅವಳ ಕೆಲಸ. ಅವಳು ಫೆಬ್ರವರಿಯನ್ನೂ ಸೇರಿಸಿದಳು. ಶ್ರಾವಣ, ಗೌರಿ ಹಬ್ಬ, ಪಕ್ಷಮಾಸ, ನವರಾತ್ರಿ, ದೀಪಾವಳಿ ಎಂದು ನಾನೇ ನವೆಂಬರಿನವರೆಗೆ ಹೊಡೆಸಿದೆ. ಅಳಿಯ ಚಳಿಗೆ ಆಗದ ಪ್ರಾಣಿ, ಯಾವ ತಿಂಗಳಾದರೂ ತಾನು ಬರುವುದಿಲ್ಲ ಎಂದು ಮೊದಲೇ ಹೇಳಿ ಟಿ.ವಿ. ಮುಂದೆ ಕುಳಿತಿದ್ದ.

"ಆ ಊರು ವರ್ಷವಿಡೀ ತೆಗೆದಿರುತ್ತಂತೆ ಅಮ್ಮ. ನಮ್ಮ ಮನೇನೇ ವರ್ಷವಿಡೀ ಬಾಗ್ಲು ಹಾಕಿರುತ್ತೆ" ಎಂದಳು ಮಗಳು.

ಜನವರಿ ಆಗಲೇ ಅರ್ಧ ಕಳೆದಿತ್ತು, ಉಳಿದದ್ದು ಡಿಸೆಂಬರ್ ಒಂದೇ. ಮಗಳ ರಜೆ ವರ್ಷದ ಕೊನೆಗೆ ತೆಗೆದುಕೊಳ್ಳದಿದ್ದರೆ ಹಾಳಾಗುತ್ತದೆ, ಅಂಗಡಿಯಲ್ಲಿ ಆಗ ಕೆಲಸ ಕಡಿಮೆ, ಬಿಸಿಲಿಲ್ಲದ್ದರಿಂದ ಹಪ್ಪಳವಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಮಾರ್ಗಶಿರದಲ್ಲಿ ಯಜಮಾನರ ತಿಥಿ ಬರುತ್ತದೆ. ಹೋದ ಸಲ ಅದು ಡಿಸೆಂಬರಿನ ಮೊದಲಲ್ಲೇ ಬಂದಿತ್ತು.

ನಮ್ಮ ಮನೆಯಲ್ಲಿ ತಿಥಿ, ವಾರ, ಹಬ್ಬ ಯಾವಾಗ ಎಂದು ಯಾರೂ ಪಂಚಾಂಗ ತೆಗೆಯುವುದಿಲ್ಲ, ನನ್ನನ್ನು ಕೇಳುತ್ತಾರೆ. ನಾನು ಬಾಯಲ್ಲೇ ಹೇಳುತ್ತೇನೆ. ಇಂಗ್ಲಿಷ್ ತಾರೀಖಿನ ಲೆಕ್ಕಕ್ಕೆ ನಮ್ಮ ತಿಥಿ ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಹಾಗಾದರೆ ಈ ಸಲ ನವೆಂಬರ್ ಮೂರನೇ ವಾರಕ್ಕೇ ಮುಗಿದುಹೋಗುತ್ತದೆ. ಡಿಸೆಂಬರ್ ಮೂರನೇ ವಾರಕ್ಕೆ ಹಾಕಿ, ಒಂದು ತಿಂಗಳು ಸಾವಕಾಶ ಇದೆ ಎಂದೆ. ಮಗಳು ಅವತ್ತೇ ಬೆಂಗಳೂರಿನಿಂದ ಚಂಡೀಗಡಕ್ಕೆ ವಿಮಾನದಲ್ಲಿ ನಾಲ್ಕು ಸೀಟು ಹಿಡಿದಳು. ಈಗಲೇ ಹಿಡಿದರೆ ಅಗ್ಗವಂತೆ.

ಯುಗಾದಿಯ ಬೆಳಿಗ್ಗೆ ನಮ್ಮ ಬೀದಿಯ ದೇವಸ್ಥಾನದಲ್ಲಿ ಭಟ್ಟರು ಹೊಸ ಪಂಚಾಂಗ ಓದಿದರು. ನಾವು ಹತ್ತಿಪ್ಪತ್ತು ಜನ ಕೈಯಲ್ಲಿ ಬೇವುಬೆಲ್ಲ ಹಿಡಿದು ಕುಳಿತಿದ್ದೆವು. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆದಾಯ, ಯಾವ ರಾಶಿಗೆ ವ್ಯಯ ಎಂದು ಓದುತ್ತ ಓದುತ್ತ, ಈ ಸಂವತ್ಸರದಲ್ಲಿ ಅಧಿಕ ಶ್ರಾವಣ ಬಂದಿದೆ ಎಂದರು.

ಅಧಿಕ ಮಾಸ ಬಂದ ವರ್ಷ ಹನ್ನೆರಡರ ಬದಲು ಹದಿಮೂರು ತಿಂಗಳು. ಅದರ ನಂತರದ ಹಬ್ಬವೆಲ್ಲ ಮುಂದಕ್ಕೆ ಹೋಗುತ್ತದೆ. ಎಷ್ಟೋ ವರ್ಷದಿಂದ ಲೆಕ್ಕ ಹೇಳಿಕೊಂಡು ಬಂದವಳು ನಾನು, ಮೂರು ವರ್ಷಕ್ಕೊಮ್ಮೆ ಇದು ಬರುತ್ತದೆ ಎನ್ನುವುದನ್ನು ಮರೆತಿದ್ದೆ. ಅಲ್ಲೇ ಕುಳಿತು ಬೆರಳ ಗೆಣ್ಣು ಎಣಿಸಿದೆ. ಎರಡು ಸಲ ಎಣಿಸಿದೆ. ಯಜಮಾನರ ತಿಥಿ ನವೆಂಬರಿಗೆ ಬರುವುದಿಲ್ಲ. ಡಿಸೆಂಬರಿನ ಮೂರನೇ ವಾರಕ್ಕೆ, ನಾವು ಮನಾಲಿಯಲ್ಲಿರುವ ದಿನಕ್ಕೆ ಸರಿಯಾಗಿ ಬರುತ್ತದೆ.

ಮನೆಗೆ ಬಂದು ಒಬ್ಬಟ್ಟು ತಟ್ಟಿದೆ. ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಹಬ್ಬದ ದಿನ ಬೇಡ, ನಾಳೆ ಹೇಳೋಣ ಅಂದುಕೊಂಡೆ. ನಾಳೆ ಬಂದಾಗ ಮಗ ಅಂಗಡಿಯಲ್ಲಿ ಸುಸ್ತಾಗಿ ಬಂದಿದ್ದ. ಒಂದು ವಾರ ಕಳೆದ ಮೇಲೆ, ಒಂದು ವಾರ ಯಾಕೆ ಸುಮ್ಮನಿದ್ದೆ ಎನ್ನುವುದಕ್ಕೂ ಉತ್ತರ ಹುಡುಕಬೇಕಾಯಿತು. ಒಂದು ತಿಂಗಳಾದ ಮೇಲೆ ಸುಮ್ಮನಿರುವುದೇ ರೂಢಿಯಾಯಿತು. ಇನ್ನೂ ಒಂದು ಸಂಗತಿ ಇದೆ. ನಮ್ಮ ಮನೆಯಲ್ಲಿ ತಿಥಿ ಯಾವಾಗ ಎಂದು ಗೊತ್ತಿರುವವಳು ನಾನೊಬ್ಬಳೇ. ನವೆಂಬರಿನಲ್ಲಿ ಮಗ ಬಂದು ಕೇಳಿದಾಗ ನಾನು ಯಾವ ದಿನ ಹೇಳಿದರೆ ಆ ದಿನವೇ ಮಾಡುತ್ತಾನೆ. ಒಂದು ತಿಂಗಳು ಮೊದಲೇ ಮಾಡಿಸಿಬಿಟ್ಟರೆ? ಈ ಯೋಚನೆ ನನ್ನ ತಲೆಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಹಳ ದಿನ ಇತ್ತು. ಭಟ್ಟರಿಗೆ ಪಂಚಾಂಗ ಗೊತ್ತು ಎನ್ನುವ ಒಂದೇ ಕಾರಣಕ್ಕೆ ಅದು ಕೆಲಸಕ್ಕೆ ಬರಲಿಲ್ಲ.

ಸಂಕ್ರಾಂತಿಯ ದಿನ ನಿಜವಾಗಿಯೂ ಮರೆತಿದ್ದೆನೋ, ಮರೆಯುವುದು ಅನುಕೂಲ ಎಂದು ಮರೆತೆನೋ, ಅದೂ ನನಗೆ ಈವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬೇರೆಯವರ ಮನೆಯ ಮುಂಜಿ ಮುಹೂರ್ತಕ್ಕೆ ಲೆಕ್ಕ ಕೇಳಿದ್ದರೆ ತಪ್ಪುತ್ತಿರಲಿಲ್ಲ ಎಂದು ಮಾತ್ರ ಗೊತ್ತು.

ಹೊರಗಡೆ ಸಿದ್ಧತೆ ನಡೆಯುತ್ತಲೇ ಇತ್ತು. ಸೊಸೆ ಫೋನಿನಲ್ಲಿ ನಾಲ್ಕು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತರಿಸಿದಳು. ನಾನು ಜನ್ಮದಲ್ಲಿ ಬೂಟು ಹಾಕಿದವಳಲ್ಲ. ಈಗಿನಿಂದಲೇ ಅಭ್ಯಾಸವಾಗಲಿ ಎಂದು ಮಗ ಕ್ಯಾನ್ವಾಸಿನದು ಒಂದು ಜೊತೆ ತಂದುಕೊಟ್ಟ. ಸಾಯಂಕಾಲ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಬೀದಿಯಲ್ಲಿ ಎರಡು ಸುತ್ತು ನಡೆಯುತ್ತಿದ್ದೆ. ತರಕಾರಿ ಅಂಗಡಿಯವನು, ಏನಜ್ಜಿ, ಪೊಲೀಸು ಕೆಲಸಕ್ಕೆ ಸೇರಿದ್ರಾ ಎಂದು ಕೇಳಿದ. ನಿನ್ನ ತಕ್ಕಡಿ ಹಿಡಿಯಲು ಬಂದಿದ್ದೇನೆ ಎಂದೆ. ಸೊಸೆ ಕೆಲಸ ಮುಗಿಸಿ ಹಿಮದ ಮೇಲೆ ಜನ ಜಾರುವ ವಿಡಿಯೋ ಹಾಕಿಕೊಂಡು ನೋಡುತ್ತಿದ್ದಳು, ಬಿದ್ದವರನ್ನು ನೋಡಿ ನಗುತ್ತಿದ್ದಳು. ನನ್ನನ್ನೂ ಕರೆದು ತೋರಿಸುತ್ತಿದ್ದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ಕಂಡ ದೂರದ ಊರೆಂದರೆ ಧರ್ಮಸ್ಥಳ.

ಅಧಿಕ ಮಾಸ ಬಂತು. ಆ ತಿಂಗಳಲ್ಲಿ ಮಗಳಿಗೂ ಅಳಿಯನಿಗೂ ಮೂವತ್ತಮೂರು ಕಜ್ಜಾಯ ಕೊಡುವುದು ನಮ್ಮಲ್ಲಿ ಪದ್ಧತಿ. ನಾನು ಹಿಟ್ಟು ತಟ್ಟಿಕೊಡುತ್ತಿದ್ದೆ, ಸೊಸೆ ಎಣ್ಣೆಗೆ ಬಿಡುತ್ತಿದ್ದಳು. ಅವಳು ಸುಮ್ಮನೆ ಕೆಲಸ ಮಾಡುವವಳಲ್ಲ, ಮಾತಾಡುತ್ತಲೇ ಇರುತ್ತಾಳೆ. ಗೌರಿ ಹಬ್ಬ ಹೋದ ಸಲ ಆಗಸ್ಟ್ ಕೊನೆಗೇ ಬಂದಿತ್ತು, ಈ ಸಲ ಸೆಪ್ಟೆಂಬರ್ ಅರ್ಧ ದಾಟುತ್ತದಂತೆ, ಬೀದಿಯ ಗಣಪತಿ ಕೂರಿಸುವವರು ಹೇಳುತ್ತಿದ್ದರು ಎಂದಳು. ದೀಪಾವಳಿಯೂ ತಡವಂತೆ ಎಂದಳು. ಜಾಲರಿ ಸೌಟು ಕೈಯಲ್ಲೇ ನಿಂತಿತು.

"ಹಂಗಾದ್ರೆ ಅತ್ತೆ, ಮಾವನ ತಿಥಿ?"

"ಎಣ್ಣೆ ಕಾದಿದೆ ನೋಡು, ಕಪ್ಪಾಗುತ್ತೆ" ಎಂದೆ.

ಅವಳು ಕಜ್ಜಾಯ ತೆಗೆದು ಬಸಿಯಲು ಹಾಕಿದಳು. ಆಮೇಲೆ ನಾಲ್ಕೈದು ಕಜ್ಜಾಯ ಆಗುವ ತನಕ ಮಾತಿಲ್ಲ. ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವಳಿಗೆ ಎಲ್ಲ ಅರ್ಥವಾಗಿತ್ತು. ತಿಥಿ ಯಾವತ್ತು ಬರುತ್ತದೆ ಎನ್ನುವುದೂ, ನನಗೆ ಅದು ಮೊದಲೇ ಗೊತ್ತಿತ್ತು ಎನ್ನುವುದೂ.

"ನಾನಂತೂ ಯಾರಿಗೂ ಹೇಳಲ್ಲ ಅತ್ತೆ" ಎಂದಳು ಕೊನೆಗೆ.

"ಹೇಳ್ಬೇಡ ಅಂತ ನಾನು ಕೇಳಿದ್ನಾ?"

"ಇಲ್ಲ. ನಾನೇ ಹೇಳ್ದೆ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಅವಳಿಗೂ ಹೋಗುವ ಆಸೆ ಇತ್ತು. ಆದರೆ ನನಗೆ ಆ ಮಾತು ಹಿಡಿಸಲಿಲ್ಲ. ಮಡಿಯಲ್ಲಿ ಇಂಥದ್ದನ್ನು ಮುಟ್ಟಬಾರದು, ಅಂಥದ್ದನ್ನು ಸೇರಿಸಬಾರದು ಎಂದು ಹದಿನೆಂಟು ವರ್ಷ ಅವಳಿಗೆ ಹೇಳಿಕೊಂಡು ಬಂದವಳು ನಾನು. ಇನ್ನು ಮುಂದೆ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಬೇಕಾದರೂ ಅವಳ ಮುಖ ನೋಡಿ ಹೇಳಬೇಕಾಗುತ್ತದೆ. ಅದಕ್ಕಿಂತ ಮಗನ ಹತ್ತಿರ ಬೈಸಿಕೊಳ್ಳುವುದು ಸುಲಭ ಎನ್ನಿಸಿತು.

ಮಾರನೇ ದಿನ ಕಜ್ಜಾಯದ ಡಬ್ಬಿ ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದೆ. ಮಗಳಿಗೆ ಮೊದಲು ಹೇಳಬೇಕೋ, ಮಗನಿಗೆ ಮೊದಲೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮಲವಗೊಪ್ಪದ ಹತ್ತಿರ ಬರುವಾಗ ಮಗಳಿಗೇ ಮೊದಲು ಎಂದು ಗಟ್ಟಿ ಮಾಡಿಕೊಂಡೆ. ಟಿಕೀಟು ಹಿಡಿದವಳು ಅವಳು, ಏನಾದರೂ ದಾರಿ ಇದ್ದರೆ ಅವಳ ಫೋನಿನಲ್ಲೇ ಇರಬೇಕು.

"ಯುಗಾದಿಯಿಂದ ಗೊತ್ತಿತ್ತಾ ನಿಂಗೆ?" ಎಂದಳು. "ನಾಲ್ಕು ತಿಂಗಳು ಕೂತ್ಕೊಂಡು ಏನು ಮಾಡ್ತಿದ್ದೆ ಮಾರಾಯ್ತಿ?"

"ಬೂಟು ಹಾಕ್ಕೊಂಡು ನಡೀತಿದ್ದೆ" ಎಂದೆ.

ಅವಳಿಗೆ ಸಿಟ್ಟು, ನಗು ಎರಡೂ ಬಂದವು. ಟಿಕೀಟಿನ ದಿನ ಬದಲಾಯಿಸಲು ನೋಡಿದಳು. ತಿಥಿಗಿಂತ ಮೊದಲು ಅವಳ ಕಚೇರಿಯಲ್ಲಿ ಇನ್ನೊಬ್ಬರು ರಜೆ ಹಾಕಿದ್ದರು. ತಿಥಿ ಮುಗಿಸಿ ಹೊರಡೋಣ ಎಂದರೆ ವರ್ಷದ ಕೊನೆಯ ವಾರ, ಆಗ ಊರಿಗೆ ಊರೇ ಅಲ್ಲಿಗೆ ಹೋಗುತ್ತದಂತೆ, ರೂಮು ಸಿಗುವುದಿಲ್ಲ, ಗುಡ್ಡದ ದಾರಿಯಲ್ಲಿ ಕಾರುಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಜನವರಿಗೆ ಹಾಕಿದರೆ ಅವಳ ರಜೆ ಉಳಿಯುವುದಿಲ್ಲ.

ಮಗ ಬೈಯುತ್ತಾನೆ ಎಂದು ತಯಾರಾಗಿದ್ದೆ. ಅವನು ಬೈಯಲಿಲ್ಲ, ಸೀದಾ ಭಟ್ಟರ ಹತ್ತಿರ ಕರೆದುಕೊಂಡು ಹೋದ. ಭಟ್ಟರು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

"ಸೂತಕ ಬಂದ್ರೆ, ಕಾಯಿಲೆ ಬಿದ್ರೆ ಬಹುಳ ಏಕಾದಶಿಗೋ ಅಮಾವಾಸ್ಯೆಗೋ ಹಾಕ್ಕೊಳ್ಬಹುದು ಅಮ್ಮಾ. ಹಿಮ ನೋಡ್ಬೇಕು ಅಂತ ಹಾಕಿದ್ದನ್ನ ನಾನು ಎಲ್ಲೂ ಓದಿಲ್ಲ."

ಪ್ರಯಾಣದಲ್ಲಿರುವವರು ಬೇಯಿಸದ ಅಕ್ಕಿ ಬೇಳೆ ತರಕಾರಿ ದಾನ ಕೊಟ್ಟು ಮಾಡುವುದೊಂದಿದೆ ಎಂದರು. ಆ ಚಳಿಯಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಯಾರನ್ನು ಹುಡುಕಿ ಕೊಡುವುದು ಎಂದು ಮಗ ಕೇಳಿದ. ಅದು ನಿಮಗೆ ಬಿಟ್ಟಿದ್ದು ಎಂದರು ಭಟ್ಟರು. ಕರ್ತೃ ನೀನು, ನೀನಿರಬೇಕು, ಉಳಿದವರು ಎಲ್ಲಿದ್ದರೂ ನಡೆಯುತ್ತದೆ ಎಂದೂ ಹೇಳಿದರು. ನಾನಿಲ್ಲದಿದ್ದರೆ ಆ ದಿನದ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳಿದೆ. ಕೇಳಬಾರದಿತ್ತು.

"ಕರ್ತೃವಿನ ಹೆಂಡತಿ ಮಾಡೋದೇ ಸರಿಯಾದ ಕ್ರಮ. ಇಷ್ಟು ವರ್ಷ ನೀವು ಬಿಡ್ಲಿಲ್ಲ, ನಾನೂ ಮಾತಾಡ್ಲಿಲ್ಲ" ಎಂದರು.

ಹದಿಮೂರು ವರ್ಷ ಆ ದಿನ ಬೆಳಗಿನ ಜಾವಕ್ಕೆ ಎದ್ದು, ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಲೆ ಮುಂದೆ ನಿಂತವಳು ನಾನು. ವಡೆ, ಎಳ್ಳುಂಡೆ, ಮೆಣಸಿನ ಸಾರು, ಹಾಗಲಕಾಯಿ, ಬಾಳೆಕಾಯಿ, ಪಾಯಸ, ಎಲ್ಲ ನನ್ನ ಕೈಯಿಂದಲೇ. ಸೊಸೆಯನ್ನು ಬಾಗಿಲಿನ ಈಚೆ ನಿಲ್ಲಿಸಿ ತರಕಾರಿ ಹೆಚ್ಚಿಸುತ್ತಿದ್ದೆ, ಅಷ್ಟೇ. ಅವಳಿಗೆ ಮಡಿ ಗೊತ್ತಾಗುವುದಿಲ್ಲ ಎನ್ನುತ್ತಿದ್ದೆ. ಅದು ಶಾಸ್ತ್ರ ಎಂದೇ ತಿಳಿದಿದ್ದೆ, ಮನೆಯವರೂ ಹಾಗೇ ತಿಳಿದಿದ್ದರು. ಭಟ್ಟರ ಜಗಲಿಯಿಂದ ಇಳಿಯುವಾಗ ಮಗ ನನ್ನ ಕೈ ಹಿಡಿದುಕೊಂಡ. ಬಿಡು, ನನಗೇ ಇಳಿಯಲು ಬರುತ್ತದೆ ಎಂದೆ.

ಮನೆಗೆ ಬಂದು ಮಗ ಹೇಳಿದ. ತಿಥಿ ಅವನು ಮಾಡುತ್ತಾನೆ, ನಾನು ಮಗಳ ಜೊತೆ ಹೋಗಿಬರಬೇಕು, ಇದು ನನಗೋಸ್ಕರ ಹಾಕಿಕೊಂಡ ಪ್ರಯಾಣ. ಹೆಂಡತಿಯ ಮುಖ ನೋಡದೆ ಹೇಳಿದ. ಅಡುಗೆಗೆ ನಾನೋ ಅವಳೋ ಒಬ್ಬರು ಉಳಿಯಲೇಬೇಕು. ನಾನು ಹೋದರೆ ಅವಳು ಉಳಿಯಬೇಕು. ಸೊಸೆ ಲೋಟ ಎತ್ತಿಕೊಂಡು ಒಳಗೆ ಹೋದಳು. ತಪ್ಪು ಲೆಕ್ಕ ನನ್ನದು, ಅದಕ್ಕೆ ಸೀಟು ಕಳೆದುಕೊಂಡವಳು ಅವಳು.

ಮಾರನೇ ದಿನ ಬೆಳಿಗ್ಗೆ ನಾನು ಸೊಪ್ಪು ಸೋಸುತ್ತಿದ್ದಾಗ ಅವಳು ಬಂದು ಎದುರು ಕುಳಿತಳು. ಕುಳಿತು ಮಾತಾಡುವುದು ಅವಳ ಅಭ್ಯಾಸವಲ್ಲ.

"ನೀವು ಹೋಗ್ಬನ್ನಿ ಅತ್ತೆ. ನಂಗೆ ಬೇಜಾರಿಲ್ಲ ಅಂತ ಹೇಳಲ್ಲ, ಇದೆ. ಆದ್ರೆ ಆವತ್ತಿನ ಅಡುಗೆ ಪೂರ್ತಿ ನಂದು. ಹಂಗೆ ಮಾಡು, ಹಿಂಗೆ ಮಾಡು ಅಂತ ಅಲ್ಲಿಂದ ಫೋನ್ ಮಾಡ್ಬಾರದು."

"ಸರಿ. ಬಂದ್ಮೇಲೆ?"

"ಬಂದ್ಮೇಲೂ ನಂದೇ. ಪ್ರತಿ ವರ್ಷ."

ನಾನು ಸೊಪ್ಪು ಸೋಸುತ್ತಲೇ ಇದ್ದೆ. ಅವಳೂ ಒಂದು ಕಟ್ಟು ಬಿಚ್ಚಿಕೊಂಡಳು.

ಎರಡು ದಿನ ಯೋಚಿಸಿದೆ. ನಾನು ಉಳಿದುಬಿಡಬಹುದಿತ್ತು. ಅವಳನ್ನು ಕಳಿಸಿ, ಒಲೆ ಮುಂದೆ ನಾನೇ ನಿಂತು, ಊರೆಲ್ಲ ನನ್ನನ್ನು ಹೊಗಳುವ ಹಾಗೆ ಮಾಡಬಹುದಿತ್ತು. ಆಗ ಹಿಮವೂ ಹೋಗುತ್ತಿತ್ತು, ಅವಳು ಬಂದು ಹಿಮದ ಫೋಟೋ ತೋರಿಸುತ್ತಿದ್ದಳು, ಅದನ್ನೂ ನೋಡಬೇಕಾಗುತ್ತಿತ್ತು. ಒಮ್ಮೆ ಅದನ್ನು ಅನುಭವಿಸಿದವಳು ನಾನು. ಅವಳಿಗೆ ನಲವತ್ತೆರಡು, ಎರಡು ಮಂಡಿಯೂ ಗಟ್ಟಿ ಇವೆ, ಆ ಊರು ಎಲ್ಲಿಗೂ ಓಡಿಹೋಗುವುದಿಲ್ಲ. ನನಗೆ ಹಾಗಲ್ಲ. ಇನ್ನು ಅಡುಗೆಮನೆ. ಯಜಮಾನರು ಬದುಕಿದ್ದಾಗ ನಾನು ಏನು ಮಾಡಿ ಬಡಿಸಿದರೂ ಚೆನ್ನಾಗಿದೆ ಎಂದವರಲ್ಲ, ಚೆನ್ನಾಗಿಲ್ಲ ಎಂದವರೂ ಅಲ್ಲ. ಸತ್ತ ಮೇಲೆ ಹದಿಮೂರು ವರ್ಷ ಯಾರ ಬಾಯಿಂದ ಏನು ಕೇಳಬೇಕು ಎಂದು ಅಷ್ಟು ಹಟ ಹಿಡಿದಿದ್ದೆ ಎಂದು ನನ್ನನ್ನೇ ಕೇಳಿಕೊಂಡೆ. ಕೇಳಿಕೊಂಡ ಮೇಲೆ ಬಿಡುವುದು ಸ್ವಲ್ಪ ಸುಲಭವಾಯಿತು.

ಮೂರನೇ ದಿನ ಅವಳನ್ನು ಕರೆದು, ಆಯ್ತು, ನಿಂದೇ ಎಂದೆ. ಮಡಿ ಸೀರೆ ಒಣಗಿಸುವ ಗಳುವನ್ನೂ ತೋರಿಸಿದೆ, ಅವಳಿಗೆ ಅದು ಎಲ್ಲಿದೆ ಎಂದು ಗೊತ್ತಿಲ್ಲ ಎನ್ನುವ ಹಾಗೆ.

ಡಿಸೆಂಬರಿನಲ್ಲಿ ನಾನು, ಮಗಳು ಇಬ್ಬರೇ ಹೊರಟೆವು. ಸೊಸೆ ತನಗೆ ತರಿಸಿದ್ದ ಕಾಲುಚೀಲವನ್ನೂ ನನ್ನ ಚೀಲಕ್ಕೆ ಹಾಕಿದಳು. ವಿಮಾನದ ಬಗ್ಗೆ ಹೇಳುವಂಥದ್ದು ಏನಿಲ್ಲ, ಕಿವಿ ನೋಯಿತು. ಚಂಡೀಗಡದಿಂದ ಕಾರಿನಲ್ಲಿ ಇಡೀ ದಿನ ಗುಡ್ಡ ಹತ್ತಿದೆವು. ಊರು ಸೇರಿದಾಗ ನನ್ನ ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ಮರುದಿನ ಹಲಗೆ ಕಟ್ಟಿಕೊಂಡು ಜಾರುವ ಜಾಗಕ್ಕೆ ಹೋದರೆ ಅಲ್ಲಿ ಹಿಮವೇ ಇಲ್ಲ, ಒಣಗಿದ ಹುಲ್ಲು. ಹಲಗೆ ಬಾಡಿಗೆ ಕೊಡುವವರು ಬಿಸಿಲು ಕಾಯಿಸುತ್ತ ಕುಳಿತಿದ್ದರು. ಜನವರಿ ಕೊನೆಗೆ ಬನ್ನಿ ಎಂದರು. ಈಗ ಬೇಕಾದರೆ ಉದ್ದದ ಸುರಂಗ ದಾಟಿ ಆಚೆ ಕಡೆ ಹೋಗಿ, ಅಲ್ಲಿ ಬಿದ್ದಿದೆ ಎಂದರು. ಮಗಳು ಮಾರನೇ ದಿನಕ್ಕೆ ಕಾರು ಗೊತ್ತು ಮಾಡಿದಳು. ಮಾರನೇ ದಿನ ಎಂದರೆ ತಿಥಿಯ ದಿನ.

ಬೆಳಿಗ್ಗೆ ಏನೂ ತಿನ್ನಲಿಲ್ಲ. ಊರಲ್ಲಿ ಶ್ರಾದ್ಧ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಮಗಳಿಗೆ ಹೇಳಿದೆ. ಅವಳು ವಾದ ಮಾಡಲಿಲ್ಲ, ತಾನು ಮಾತ್ರ ಎರಡು ಪರಾಠ ತಿಂದಳು. ದಾರಿಯಲ್ಲಿ ಸಾಲಾಗಿ ಕೋಟು, ಬೂಟು ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಅಂಗಡಿಯ ಹೆಂಗಸು ನನ್ನ ಸೀರೆಯ ಮೇಲೇ ಒಂದು ಕೋಟು ತೊಡಿಸಿ ಗುಂಡಿ ಹಾಕಿದಳು. ಅದರೊಳಗೆ ಎಷ್ಟು ಜನರ ಬೆವರಿನ ವಾಸನೆ ಇತ್ತೋ ದೇವರೇ ಬಲ್ಲ. ವರ್ಷಾವರ್ಷ ಈ ದಿನ ಮಗ ಹತ್ತಿರ ಬಂದರೆ ದೂರ ನಿಲ್ಲು, ಮಡಿ ಎಂದು ಗದರುತ್ತಿದ್ದವಳು ನಾನು. ಮಗಳು ನನ್ನ ಮುಖ ನೋಡಿ ನಗಲು ಶುರು ಮಾಡಿದಳು. ನಗಲಿ ಎಂದು ಬಿಟ್ಟೆ.

ಸುರಂಗದ ಆಚೆ ಎಲ್ಲ ಬೆಳ್ಳಗಿತ್ತು. ಕಣ್ಣು ಬಿಡಲು ಆಗಲಿಲ್ಲ. ಕಾರಿನವನು ಕೈ ಹಿಡಿದು ಇಳಿಸಿದ. ಹತ್ತು ಹೆಜ್ಜೆ ನಡೆದು, ಬಗ್ಗಲು ಮಂಡಿ ಒಪ್ಪದೆ, ಅಲ್ಲೇ ಕುಳಿತುಬಿಟ್ಟೆ. ಹಿಮ ಎಂದರೆ ಹತ್ತಿಯ ಹಾಗೆ ಇರುತ್ತದೆ ಎಂದುಕೊಂಡಿದ್ದೆ. ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಕಟ್ಟುತ್ತದಲ್ಲ, ಹಾಗಿತ್ತು. ಬೊಗಸೆಯಲ್ಲಿ ಹಿಡಿದೆ. ಬೆರಳು ಉರಿಯಿತು, ಆಮೇಲೆ ಬೆರಳು ಇದೆಯೋ ಇಲ್ಲವೋ ತಿಳಿಯದಂತಾಯಿತು. ಬಿಸಾಡಿದೆ. ಮತ್ತೆ ಹಿಡಿದೆ. ಹೀಗೆ ಎಷ್ಟು ಸಲ ಮಾಡಿದೆನೋ. ಮಗಳು ಫೋಟೋ ತೆಗೆಯುತ್ತಿದ್ದಳು. ಬೇಡ ಎನ್ನಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಊರಿನ ನೆನಪಾಯಿತು. ಈ ಹೊತ್ತಿಗೆ ಪಿಂಡ ಇಟ್ಟು, ಕಾಗೆ ಮುಟ್ಟಿ, ಭಟ್ಟರು ಎಲೆ ಮುಂದೆ ಕುಳಿತಿರಬೇಕು. ಯಜಮಾನರ ಊಟ ಆಯಿತು ಎಂದುಕೊಂಡೆ. ಫೋನು ಮಾಡಲು ಅಲ್ಲಿ ಸಿಗ್ನಲ್ ಇರಲಿಲ್ಲ. ಇದ್ದರೂ ಮಡಿಯಲ್ಲಿರುವವಳು ಫೋನು ಮುಟ್ಟುವ ಹಾಗಿಲ್ಲ, ಆ ಕಟ್ಟು ಹಾಕಿದವಳೂ ನಾನೇ. ಒಂದೂವರೆ ಗಂಟೆ ಅಲ್ಲೇ ಕುಳಿತಿದ್ದೆ. ಚಳಿಯಾಗುತ್ತಿತ್ತು, ಏಳುವ ಮನಸ್ಸಿರಲಿಲ್ಲ.

ಸಾಯಂಕಾಲ ರೂಮಿಗೆ ಬಂದ ಮೇಲೆ ಸೊಸೆಯೇ ಫೋನು ಮಾಡಿದಳು. ಎಲ್ಲ ಆಯಿತು, ಭಟ್ಟರು ಸಾರು ಎರಡು ಸಲ ಹಾಕಿಸಿಕೊಂಡರು ಎಂದಳು. ಹಾಗಲಕಾಯಿಗೆ ನಾನು ಬೆಲ್ಲ ಹಾಕುತ್ತಿದ್ದೆ, ಅವಳು ಹಾಕಲಿಲ್ಲವಂತೆ. ಕಹಿ ಇರಲಿಲ್ಲವಾ ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ.

"ನೀವೇನಾದ್ರೂ ತಿಂದ್ರಾ ಅತ್ತೆ?"

"ಈಗ ತಿಂತೀನಿ."

"ಹಿಮ ಹೆಂಗಿತ್ತು?"

"ನೀನೇ ಹೋಗಿ ನೋಡು" ಎಂದೆ. ನಾನು ಜಂಬಕ್ಕೆ ಹೇಳಿದೆ ಎಂದು ಅವಳಿಗೆ ಅನ್ನಿಸಿರಬೇಕು. ಮಗ ಅಂಗಡಿ ಮುಚ್ಚಲು ಒಪ್ಪಿದರೆ ಬೇಸಿಗೆಯಲ್ಲಿ ಮೇಲಿನ ಕಣಿವೆ ತೆರೆದಾಗ ಅಲ್ಲಿ ಹಿಮ ಇರುತ್ತದಂತೆ, ಹಪ್ಪಳ ನಾನು ನೋಡಿಕೊಳ್ಳುತ್ತೇನೆ ಎಂದು ಬಿಡಿಸಿ ಹೇಳಿದ ಮೇಲೆ ಹೂಂ ಎಂದಳು. ಮೇ ತಿಂಗಳ ಕೊನೆಗೆ ಅವರಿಬ್ಬರೂ ಹೋಗಿಬಂದರು. ಹಪ್ಪಳ ಒಂದಿಷ್ಟು ಬಿಸಿಲಿಗೆ ಒಡೆದುಹೋದವು, ಅವಳು ಅವನ್ನು ಮನೆಗೆಂದು ಎತ್ತಿಟ್ಟಳು.

ಮರು ವರ್ಷದ ತಿಥಿಯ ದಿನ ಅಭ್ಯಾಸಕ್ಕೆ ಬೆಳಗಿನ ಜಾವವೇ ಎಚ್ಚರವಾಯಿತು. ತಣ್ಣೀರು ಹಾಕಿಕೊಂಡು, ಮಡಿ ಸೀರೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದೆ. ಒಲೆ ಹತ್ತಿತ್ತು. ಉದ್ದಿನ ಹಿಟ್ಟು ರುಬ್ಬಿ ಆಗಿತ್ತು. ಸೊಸೆ ಬೆನ್ನು ತಿರುಗಿಸಿ ನಿಂತಿದ್ದಳು. ನಾನು ಹೊಸ್ತಿಲ ಹತ್ತಿರ ನಿಂತದ್ದು ಅವಳಿಗೆ ಗೊತ್ತಾಗಿರಬೇಕು, ತಿರುಗಲಿಲ್ಲ.

"ಅತ್ತೆ, ಬಾಳೆಎಲೆ ಒರೆಸಿಕೊಡ್ತೀರಾ" ಎಂದಳು.

ಎಲೆಯ ಕಟ್ಟು ಬಾಗಿಲಿನ ಈಚೆ ಇತ್ತು. ಮಣೆ ಎಳೆದುಕೊಂಡು ಕುಳಿತು ಒಂದೊಂದೇ ಒರೆಸಿಕೊಟ್ಟೆ.